ತೀರ್ಪು ಸಿಕ್ಕಿತು, ಫೈಲು ಸಿಗಲಿಲ್ಲ

ಕೋರ್ಟು ಬೀದಿಯ ಕೋಳಿಗಳೇ ಇನ್ನೂ ಎದ್ದಿಲ್ಲ. ಕಿಡೆಗಾ ವಕೀಲರ ಕಚೇರಿಯ ಜಗಲಿಯಲ್ಲಿ ಅಚಿರೊ ಎವಲಿನ್ ಗೋಡೆಗೊರಗಿ ಕೂತು, ತೊಡೆಯ ಮೇಲಿನ ಹಳೇ ಲ್ಯಾಪ್‌ಟಾಪಿನ ಬೆಳಕಿನಲ್ಲಿ ಯಾವುದೋ ತೀರ್ಪಿನ ಕೊನೆಯ ಪುಟ ಓದುತ್ತಿದ್ದಾರೆ. ಪಕ್ಕದ ಡಬ್ಬಿಯಲ್ಲಿ ಬೇಯಿಸಿದ ಮರಗೆಣಸು, ಲೋಟದಲ್ಲಿ ಹಾಲಿಲ್ಲದ ಚಹಾ. ಫೋನನ್ನು ದಾರದಿಂದ ಕಿಟಕಿಯ ಸರಳಿಗೆ ಕಟ್ಟಿದ್ದಾರೆ. ಅಯ್ವೆಲೊ ಪೇಟೆಯ ಈ ತುದಿಯಲ್ಲಿ ನೆಟ್‌ವರ್ಕ್ ಸಿಗುವುದು ಆ ಎತ್ತರದಲ್ಲೇ.

“ಊರು ಏಳೋದ್ರೊಳಗೆ ಕೆಲಸ ಮುಗಿಸ್ಕೋಬೇಕು,” ಎನ್ನುತ್ತಾರೆ ಪರದೆಯಿಂದ ಕಣ್ಣು ಕೀಳದೆ. “ಊರು ಎದ್ರೆ ನೆಟ್ಟು ಮಲಗುತ್ತೆ.”

ಬೀದಿಯ ಮೊದಲ ಬೈಕ್ ಟ್ಯಾಕ್ಸಿಯವನು ಗಾಡಿ ನಿಲ್ಲಿಸಿ ಕೂಗುತ್ತಾನೆ, “ಏನಕ್ಕಾ, ಇವತ್ತು ಯಾರನ್ನ ಬಿಡಿಸ್ತಿದೀಯಾ?”

“ನಿನ್ನ ಬೈಕನ್ನ. ಬ್ರೇಕ್ ಇಲ್ದೇ ಇರೋ ತಪ್ಪಿಗೆ ನಾಳೆ ಹೇಗೂ ಸ್ಟೇಷನ್ ಸೇರುತ್ತಲ್ಲ, ಈಗ್ಲೇ ಶುರು ಮಾಡಿದೀನಿ.”

ಅವನು ನಗುತ್ತಾ ಹೋಗುತ್ತಾನೆ. ಅಚಿರೊ ನಗುವುದಿಲ್ಲ. ಅವರ ತಮಾಷೆಗೂ ಅವರ ಮುಖಕ್ಕೂ ಬಹಳ ದಿನಗಳಿಂದ ಮಾತುಕತೆ ನಿಂತಿದೆ.

ಈ ಬೀದಿಯ ವಕೀಲರಿಗೆಲ್ಲ ಅವರು ‘ತೀರ್ಪಿನ ಅಕ್ಕ’. ಕೋರ್ಟಿನಲ್ಲಿ ವಾದಕ್ಕೆ ಬೇಕಾದ ಹಳೆಯ ತೀರ್ಪುಗಳನ್ನು ಅಂತರ್ಜಾಲದಲ್ಲಿ ಹುಡುಕಿ ಕೊಡುವುದು ಅವರ ಕೆಲಸ. ಭೂಮಿ, ವಿಚ್ಛೇದನ, ಕೊಲೆ, ದನ ಕದ್ದದ್ದು, ಯಾವುದಾದರೂ ಸರಿ. ಹಿಂದಿನ ದಿನ ಸಂಜೆ ವಕೀಲರು ಪ್ರಶ್ನೆ ಹೇಳಿ ಹೋಗುತ್ತಾರೆ, ಬೆಳಗ್ಗೆ ಕೋರ್ಟು ಕೂರುವ ಹೊತ್ತಿಗೆ ಅಚಿರೊ ಉತ್ತರ ಮುದ್ರಿಸಿಟ್ಟಿರುತ್ತಾರೆ. ಕರಿಕೋಟು ಹಾಕಿಕೊಂಡು ವಾದ ಮಾಡಿದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಇವರ ಹೆಸರು ಎಲ್ಲೂ ಬಂದಿಲ್ಲ, ಬರಲಿ ಎಂದು ಅವರೂ ಕೇಳಿಲ್ಲ.

ಬೆಳಕು ಹರಿಯುತ್ತಿದ್ದಂತೆ ಬಿರುಂಗಿ ಬರುತ್ತಾನೆ. ರಾಜಧಾನಿ ಕಂಪಾಲದಲ್ಲಿ ಓದಿ ಕಿಡೆಗಾ ವಕೀಲರ ಕೈಕೆಳಗೆ ಸೇರಿರುವ ಹೊಸ ವಕೀಲ, ಚುರುಕಿನ ಹುಡುಗ. ಅವನ ಕಕ್ಷಿದಾರನ ಜಾಮೀನು ಅರ್ಜಿ ಇವತ್ತೇ ಇದೆ. ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಫೋನಿನ ಯಂತ್ರವೊಂದು ಅವನಿಗೆ ರಾತ್ರಿ ಒಂದು ತೀರ್ಪಿನ ಹೆಸರು ಕೊಟ್ಟಿದೆ. ಅಳತೆ ಕೊಟ್ಟು ಹೊಲಿಸಿದ ಹಾಗಿದೆ, ಅಷ್ಟು ಸರಿಹೊಂದುತ್ತಿದೆ.

“ಅಕ್ಕ, ಇದನ್ನ ಪ್ರಿಂಟ್ ಹಾಕಿಕೊಡಿ, ಸಾಕು.”

ಅಚಿರೊ ಕೋರ್ಟುಗಳ ತೀರ್ಪು ಹಾಕುವ ಜಾಲತಾಣ ತೆರೆದು ಹೆಸರು ಹುಡುಕುತ್ತಾರೆ. ಇಲ್ಲ. ವರ್ಷ ಹಾಕಿ ಹುಡುಕುತ್ತಾರೆ. ಜಡ್ಜ್ ಹೆಸರು ಹಾಕಿ ಹುಡುಕುತ್ತಾರೆ. ಆ ವರ್ಷ ಆ ಜಡ್ಜು ಆ ಕೋರ್ಟಿನಲ್ಲೇ ಇರಲಿಲ್ಲ.

“ಇದು ಹುಟ್ಟೇ ಇಲ್ಲ ಕಣಪ್ಪ,” ಎನ್ನುತ್ತಾರೆ ಮೆಲ್ಲಗೆ. “ಬೇಜಾರು ಮಾಡ್ಕೋಬೇಡ. ನಾನೂ ಬಿದ್ದಿದ್ದೆ ಈ ಗುಂಡೀಲಿ.”

ಬಿರುಂಗಿಗೆ ಬೇರೆ ಎರಡು ತೀರ್ಪು ಹುಡುಕಿ ಕೊಡುತ್ತಾ, ಹೇಗೆ ಹುಡುಕಬೇಕೆಂದೂ ಹೇಳುತ್ತಾರೆ. ಕೇಳಿದವರಿಗೆಲ್ಲ ಹೇಳುತ್ತಾರೆ, ವಿದ್ಯೆಯನ್ನು ಸೆರಗಿನಲ್ಲಿ ಗಂಟು ಹಾಕಿಟ್ಟುಕೊಳ್ಳುವವರಲ್ಲ. “ನೀವು ವಕೀಲರು ವಾದ ಮಾಡೋ ಮಾತಲ್ಲೇ ಹುಡುಕ್ತೀರಿ. ತೀರ್ಪು ಬರೆಯೋರು ಜಡ್ಜು. ಅವರು ಹೇಗೆ ಬರೀತಾರೋ ಆ ಮಾತು ಹಾಕ್ಬೇಕು. ಮೊದ್ಲು ಸೆಕ್ಷನ್ ನಂಬರು ಹಾಕು, ಆಮೇಲೆ ಮಾತು. ನಮ್ಮ ಕಡೆ ಹೆಸರುಗಳನ್ನ ಟೈಪ್ ಮಾಡೋರು ಬಾಯಿಗೆ ಬಂದ ಹಾಗೆ ಬರೆದಿರ್ತಾರೆ, ಒಂದೊಂದು ಹೆಸರನ್ನೂ ನಾಲ್ಕು ಥರ ಬರೆದು ನೋಡು. ಹಳೇ ತೀರ್ಪು ಫೋಟೋ ತೆಗೆದು ಹಾಕಿರ್ತಾರೆ, ಅದ್ರಲ್ಲಿ ಅಕ್ಷರಾನೇ ಕೆಟ್ಟಿರುತ್ತೆ. ಹುಡುಕಿದ್ರೆ ಸಿಗಲ್ಲ, ಕಣ್ಣಿಂದಾನೇ ಓದ್ಬೇಕು. ಸಿಕ್ಕಿದ ತಕ್ಷಣ ಇಳಿಸಿಟ್ಕೋ, ಇವತ್ತಿರೋ ಪುಟ ನಾಳೆ ಇರಲ್ಲ.”

“ಮತ್ತೆ?”

“ಮತ್ತೆ, ಅದು ಇನ್ನೂ ಬದುಕಿದೆಯಾ ನೋಡು. ಮೇಲಿನ ಕೋರ್ಟು ಅದನ್ನ ಹೊಡೆದುಹಾಕಿದ್ರೆ ನೀನು ಹೆಣ ಹೊತ್ಕೊಂಡು ಕೋರ್ಟಿಗೆ ಹೋದ ಹಾಗೆ. ಅದು ಯಾವಾಗ್ಲೂ ಕೊನೇ ಕೆಲಸ. ಅದೊಂದನ್ನ ಬಿಡಬೇಡ.”

ಬಿರುಂಗಿ ಕಾಗದ ಜೋಡಿಸಿಕೊಂಡು ಹೋಗುತ್ತಾನೆ. ಈ ಹೊತ್ತಿಗೆ ಜಗಲಿಗೆ ಬಿಸಿಲು ಬಂದಿದೆ, ನೆಟ್ಟು ಮಲಗಿದೆ. ಅಚಿರೊ ಮರಗೆಣಸು ಬಿಡಿಸಿ ತಿನ್ನುತ್ತಾ ತಮ್ಮನ ವಿಷಯಕ್ಕೆ ಬರುತ್ತಾರೆ. ಯಾವ ಮಾತು ಎಲ್ಲಿಂದ ಶುರುವಾದರೂ ಅವರಲ್ಲಿ ಅದು ಬಂದು ನಿಲ್ಲುವುದು ಅಲ್ಲೇ.

ತಂದೆತಾಯಿ ಯುದ್ಧದಲ್ಲಿ, ಊರವರನ್ನೆಲ್ಲ ಕ್ಯಾಂಪುಗಳಲ್ಲಿ ತುಂಬಿದ್ದ ಕಾಲದಲ್ಲೇ ತೀರಿಹೋದರು. ಉಳಿದವರು ಅಚಿರೊ ಮತ್ತು ಅವರಿಗಿಂತ ಬಹಳ ಚಿಕ್ಕವನಾದ ಒಚಾಯ. ಯುದ್ಧ ಮುಗಿದು ಎಲ್ಲರೂ ತಂತಮ್ಮ ಹೊಲಗಳಿಗೆ ಮರಳಿದಾಗ ಅಕ್ಕ ಇದೇ ಬೀದಿಯಲ್ಲಿ ಟೈಪಿಂಗ್ ಯಂತ್ರ ಇಟ್ಟುಕೊಂಡು ಅರ್ಜಿ ಬರೆಯಲು ಕೂತರು, ತಮ್ಮ ಹೊಲ ನೋಡಿಕೊಂಡ. ಒಳ್ಳೆಯ ಕೆಲಸಗಾರ. ಆದರೆ ತಲೆಯೊಳಗೆ ಏನೋ ಕೂಗುತ್ತದೆ ಎನ್ನುತ್ತಿದ್ದ. ಒಂದು ಮಧ್ಯಾಹ್ನ, ಎಳ್ಳು ಬಿತ್ತುವ ಕಾಲ, ಪಕ್ಕದ ಹೊಲದ ಗೆಳೆಯ ನೀರು ಕೊಡಲು ಬಂದಾಗ ಗುದ್ದಲಿ ಎತ್ತಿ ಹೊಡೆದ. ಗೆಳೆಯ ಅಲ್ಲೇ ಸತ್ತ. ಒಚಾಯ ಹೆಣದ ಪಕ್ಕ ಕೂತು, ಇವನನ್ನು ಯಾರು ಹೊಡೆದರೆಂದು ಬಂದವರನ್ನೆಲ್ಲ ಕೇಳಿದನಂತೆ.

ಕೋರ್ಟು ಎಲ್ಲವನ್ನೂ ಸರಿಯಾಗೇ ಕೇಳಿತು. ಆ ಹೊತ್ತಿನಲ್ಲಿ ಇವನ ಬುದ್ಧಿ ಇವನ ಕೈಯಲ್ಲಿರಲಿಲ್ಲ, ತಪ್ಪಿತಸ್ಥನಲ್ಲ ಎಂದಿತು. ಕೇಳಿದ ಅಕ್ಕ ಅಲ್ಲೇ ಮಂಡಿಯೂರಿದರು. ಆಮೇಲೆ ಜಡ್ಜು ಇನ್ನೊಂದು ಸಾಲು ಓದಿದರು: ಮಂತ್ರಿಗಳ ಆದೇಶ ಬರುವವರೆಗೆ ಜೈಲಿನಲ್ಲಿ ಇರತಕ್ಕದ್ದು. ಆದೇಶ ಬಂದರೆ ಆಸ್ಪತ್ರೆಗೋ ಮನೆಗೋ. ಒಂದೆರಡು ತಿಂಗಳ ಮಾತು ಎಂದರು ಎಲ್ಲರೂ.

ಆಗ ಒಚಾಯನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ. ಈಗ ತಲೆ ನರೆತಿದೆ.

ಕಳ್ಳನಿಗೂ ಕೊಲೆಗಾರನಿಗೂ ಇಂತಿಷ್ಟು ವರ್ಷ ಎಂಬ ಲೆಕ್ಕವಿದೆ. ನಿನ್ನ ತಪ್ಪಿಲ್ಲ ಎಂದು ಕೋರ್ಟೇ ಹೇಳಿದವನಿಗೆ ಲೆಕ್ಕವೇ ಇಲ್ಲ. ಇದನ್ನು ಬರೆಯುವಾಗಲೇ ಸಿಟ್ಟು ಬರುತ್ತದೆ. ಅಚಿರೊ ಮಾತ್ರ ಸಿಟ್ಟಿಲ್ಲದೆ ಹೇಳುತ್ತಾರೆ: “ಶಿಕ್ಷೆ ಅಂತ ಕೊಟ್ಟಿದ್ರೆ ಇಷ್ಟೊತ್ತಿಗೆ ಮುಗಿದಿರ್ತಿತ್ತು. ಬಿಟ್ಟುಬಿಟ್ರಲ್ಲ, ಅದಕ್ಕೇ ಒಳಗಿದ್ದಾನೆ.”

ತಮ್ಮನಿಗಾಗಿಯೇ ಅವರು ಈ ವಿದ್ಯೆ ಕಲಿತದ್ದು. ಪೇಟೆಗೆ ಅಂತರ್ಜಾಲ ಬಂದಾಗ ಕಿಡೆಗಾ ವಕೀಲರು ತಮ್ಮ ಕಚೇರಿಯ ಕಂಪ್ಯೂಟರ್ ಮುಂದೆ ಕೂರಿಸಿ, “ನೋಡಮ್ಮ, ದೇಶದ ಕೋರ್ಟುಗಳೆಲ್ಲ ಇದರೊಳಗಿವೆ, ಹುಡುಕು,” ಎಂದರು. ಅಚಿರೊ ಹುಡುಕಿದರು. ದಾರಿಯಲ್ಲಿ ಬೇರೆಯವರಿಗೆ ಬೇಕಾದದ್ದೆಲ್ಲ ಸಿಗುತ್ತಾ ಹೋಯಿತು. ಅದನ್ನು ಕೊಟ್ಟು ಕೊಟ್ಟೇ ಅವರು ತೀರ್ಪಿನ ಅಕ್ಕ ಆದದ್ದು.

ಗುಂಡಿಗೆ ಬಿದ್ದದ್ದು ಎರಡು ವರ್ಷದ ಹಿಂದೆ. ಉತ್ತರ ಬರೆಯುವ ಯಂತ್ರದ ಸುದ್ದಿ ಕೇಳಿ ಅವರೂ ಒಂದು ಬೆಳಗ್ಗೆ ಕೇಳಿದ್ದರು: ಮಂತ್ರಿಯ ಆದೇಶ ಬಾರದಿದ್ದರೆ ಕೋರ್ಟು ಬಿಡಬಹುದೇ? ಬಿಡಬಹುದು ಎಂದಿತು ಯಂತ್ರ. ತೀರ್ಪಿನ ಹೆಸರು, ವರ್ಷ, ಜಡ್ಜ್ ಬರೆದ ಸಾಲು, ಎಲ್ಲ ಕೊಟ್ಟಿತು. ಅಚಿರೊ ಚಪ್ಪಲಿಯನ್ನೂ ಹಾಕದೆ ಕಿಡೆಗಾ ವಕೀಲರ ಮನೆಗೆ ಓಡಿದರು. ವಕೀಲರ ಹೆಂಡತಿ ಅವರನ್ನು ತಬ್ಬಿಕೊಂಡು, ನಾಲಿಗೆ ಆಡಿಸಿ ಸಂತೋಷದ ಕೇಕೆ ಹಾಕಿದರು, ನೆರೆಮನೆಯವರೂ ಬಂದು ದನಿಗೂಡಿಸಿದರು. ಮಧ್ಯಾಹ್ನದ ಹೊತ್ತಿಗೆ ಅಂಥ ತೀರ್ಪೇ ಇಲ್ಲವೆಂದು ಗೊತ್ತಾಯಿತು.

“ಸುಳ್ಳು ಹೇಳಿದ್ರೆ ಮನುಷ್ಯರ ಮುಖದಲ್ಲಿ ಗೊತ್ತಾಗುತ್ತೆ,” ಎನ್ನುತ್ತಾರೆ. “ಅದಕ್ಕೆ ಮುಖಾನೇ ಇಲ್ವಲ್ಲ.”

ನಿಜವಾದ ತೀರ್ಪು ಸಿಕ್ಕಿದ್ದು ಅದಾದ ಮೇಲೆ, ಹಳೆಯ ರೀತಿಯಲ್ಲೇ. ಬೇರೊಂದು ಜಿಲ್ಲೆಯ ಕೋರ್ಟಿನದು. ತಲೆಬರಹದಲ್ಲಿ ಏನೂ ಇಲ್ಲ, ಅಕ್ಷರಗಳೆಲ್ಲ ಕೆಟ್ಟಿವೆ, ಯಾವ ಹುಡುಕಾಟಕ್ಕೂ ಸಿಗುವಂಥದ್ದಲ್ಲ. ಕಣ್ಣಿನಿಂದ ಓದುತ್ತಾ ಹೋಗಿ ಕೊನೆಯ ಪುಟದಲ್ಲಿ ಕಂಡರು: ಮನುಷ್ಯನ ಸ್ವಾತಂತ್ರ್ಯ ಮಂತ್ರಿಯ ಮೇಜಿನ ಮೇಲೆ ಕಾಯುವಂಥದ್ದಲ್ಲ, ಕೋರ್ಟು ತಾನೇ ಪ್ರಕರಣವನ್ನು ಮತ್ತೆ ನೋಡಿ ಬಿಡುಗಡೆ ಮಾಡಬಹುದು. ಈ ಸಲ ಅಚಿರೊ ಓಡಲಿಲ್ಲ. ಅಪೀಲು ಆಗಿದೆಯೇ ಎಂದು ನೋಡಿದರು, ಆಗಿರಲಿಲ್ಲ. ಇನ್ನೊಮ್ಮೆ ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡು ನಿಧಾನಕ್ಕೆ ನಡೆದುಹೋದರು.

ಕಿಡೆಗಾ ವಕೀಲರು ಆ ತೀರ್ಪು ಹಿಡಿದು ಒಚಾಯನ ವಾರ್ಡಿನಲ್ಲಿ ಅವನ ಹಾಗೇ ಮಂತ್ರಿಯ ಆದೇಶಕ್ಕೆ ಕಾಯುತ್ತಿದ್ದ ಎಲ್ಲರ ಪರವಾಗಿಯೂ ಅರ್ಜಿ ಹಾಕಿದರು. ಒಬ್ಬೊಬ್ಬರಾಗಿ ಹೊರಗೆ ಬಂದರು. ಒಬ್ಬ ಮುದುಕನಂತೂ ಜೈಲಿನ ಗೇಟಿನಿಂದ ನೇರ ಈ ಜಗಲಿಗೆ ಬಂದು, ಅಚಿರೊ ಕೈ ಹಿಡಿದುಕೊಂಡು, “ಚಹಾ ಇದೆಯಾ?” ಎಂದು ಕೇಳಿದ. ಕೊಟ್ಟರು. ಕುಡಿದು ಹೋದ.

ಒಚಾಯನ ಸರದಿ ಬಂದಾಗ ಜಡ್ಜು ಫೈಲು ಕೇಳಿದರು. ಫೈಲು ಇರಲಿಲ್ಲ.

ಅಯ್ವೆಲೊ ಕೋರ್ಟಿನಲ್ಲಿ ಆ ಕಾಲಕ್ಕಿದ್ದ ಒಬ್ಬ ಗುಮಾಸ್ತ ಬಹಳ ನಿಷ್ಠೆಯ ಮನುಷ್ಯ. ಮಂತ್ರಿಗಳ ಮುಂದೆ ನಕಲು ಇಡುವುದು ಮರ್ಯಾದೆಯಲ್ಲ ಎಂದು ಮೂಲ ಫೈಲನ್ನೇ ಕಟ್ಟಿ ರಾಜಧಾನಿಗೆ ಕಳಿಸುತ್ತಿದ್ದ. ಸಹಿ ತರಲು ಹೋದ ಫೈಲುಗಳಲ್ಲಿ ಕೆಲವು ಮರಳಿದವು. ಒಚಾಯನದು ಮರಳಲಿಲ್ಲ. ಅಲ್ಲಿಯ ಕಚೇರಿಯವರು ಕಳಿಸಿದ್ದೇವೆ ಎನ್ನುತ್ತಾರೆ, ಇಲ್ಲಿಯವರು ಬಂದಿಲ್ಲ ಎನ್ನುತ್ತಾರೆ. ಜೈಲಿನಲ್ಲಿರುವ ಅವನ ಚೀಟಿಯಲ್ಲಿ ಹೆಸರಿದೆ, ಕೇಸಿನ ನಂಬರಿಲ್ಲ. ಯಾವ ಅಪರಾಧ, ಯಾರ ತೀರ್ಪು, ಒಂದೂ ಇಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೆಟ್ಟವನಲ್ಲ. ಭಕ್ತಿ ಹೆಚ್ಚಾಯಿತು, ಅಷ್ಟೇ.

ಜಡ್ಜು ಕರುಣೆಯವರೇ. ಫೈಲನ್ನು ಮತ್ತೆ ಕಟ್ಟಿಕೊಂಡು ಬನ್ನಿ ಎಂದರು. ಹಾಗೆಂದರೆ ಅವತ್ತು ಕೋರ್ಟಿನಲ್ಲಿದ್ದು ತೀರ್ಪು ಕೇಳಿದ ಯಾರಾದರೂ ಬಂದು ಪ್ರಮಾಣ ಮಾಡಿ ಹೇಳಬೇಕು. ಒಚಾಯ ತಾನೇ ಹೇಳುವಂತಿಲ್ಲ, ಬುದ್ಧಿ ಸರಿಯಿಲ್ಲದವನ ಪ್ರಮಾಣ ನಡೆಯುವುದಿಲ್ಲ. ಬುದ್ಧಿ ಸರಿಯಾಗಿದೆ ಎಂದು ವೈದ್ಯರು ಬರೆದುಕೊಡಬೇಕಾದರೆ ಅವರಿಗೆ ಫೈಲು ಬೇಕು. ಅಕ್ಕನ ಮಾತು ಅಕ್ಕನದು, ರಕ್ತಸಂಬಂಧ ಎಂದರು ಸರ್ಕಾರಿ ವಕೀಲರು. ಅಂದಿನ ಜಡ್ಜು ತೀರಿಕೊಂಡಿದ್ದಾರೆ, ಅಂದಿನ ವಕೀಲರು ದೇಶ ಬಿಟ್ಟಿದ್ದಾರೆ.

ಉಳಿದವರು ಒಬ್ಬರೇ, ಓಲುಂ ಅಜ್ಜ. ಸತ್ತ ಹುಡುಗನ ತಂದೆ.

ಅಚಿರೊ ಅವರ ಅಂಗಳಕ್ಕೆ ಹೋಗಿ ಬಾಗಿಲಾಚೆಯೇ ಮಂಡಿಯೂರಿ ಕೂತರು. ಮಗನನ್ನು ಕಳೆದುಕೊಂಡವನ ಹತ್ತಿರ, ಕೊಂದವನನ್ನು ಬಿಡಿಸಿಕೊಡು ಎಂದು ಕೇಳುವುದು. ಯಾವ ಬಾಯಲ್ಲಿ ಕೇಳುವುದು? ಅಜ್ಜ ಬಹಳ ಹೊತ್ತು ಜೋಳ ಬಿಡಿಸುತ್ತಾ ಕೂತಿದ್ದರಂತೆ.

“ಏಳು ತಾಯಿ, ಮಂಡಿ ನೋಯುತ್ತೆ,” ಎಂದರು ಕೊನೆಗೆ. “ನಿಮ್ಮ ಕುಲದವರು ಕುರಿ ಕಟ್ಟಿಟ್ಟು ಕಾಯ್ತಿದಾರೆ ಅಂತ ನಂಗೊತ್ತು. ನಾನೂ ಕಾಯ್ತಾ ಇದೀನಿ. ಅವನು ಬಂದು ನನ್ನೆದುರು ಬಾಯಿ ಬಿಟ್ಟು ಹೇಳ್ಲಿ, ಇಬ್ರೂ ಕಹಿ ಬೇರು ಕುಡಿಯೋಣ. ಅವನು ಬರದೇ ನನ್ನ ಮಗನ ಆತ್ಮಾನೂ ಮನೆ ಸೇರಲ್ಲ. ಯಾವತ್ತು ಬರ್ಬೇಕು ಹೇಳು, ಬರ್ತೀನಿ.”

ಅಚೋಲಿ ಜನರಲ್ಲಿ ಕೊಲೆಯ ಲೆಕ್ಕ ತೀರುವುದು ಹಾಗೆಯೇ. ಕೊಂದವನೂ ಕಳೆದುಕೊಂಡವನೂ ಎದುರುಬದುರು ಮಂಡಿಯೂರಿ, ಕೈ ಹಿಂದೆ ಕಟ್ಟಿ, ಹಣೆಗೆ ಹಣೆ ತಾಗಿಸಿ, ಒಂದೇ ಸೋರೆಬುರುಡೆಯಿಂದ ಬೇರಿನ ಕಹಿ ಕುಡಿಯಬೇಕು. ಆಮೇಲೆ ಕೊಂದವನ ಕುಲದವರು ತಂದ ಕುರಿ ಕಡಿದು ಎರಡು ಕುಲಗಳು ಒಟ್ಟಿಗೆ ಉಣ್ಣಬಹುದು. ಆದರೆ ಕೊಂದವನ ಬದಲು ಇನ್ನೊಬ್ಬ ಕುಡಿದರೆ ಅದು ಕುಡಿದ ಹಾಗಲ್ಲ.

ಕಿಡೆಗಾ ವಕೀಲರು ಅಜ್ಜನ ಮಾತನ್ನೆಲ್ಲ ಅಫಿಡವಿಟ್ ಮಾಡಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಜ್ಜನನ್ನು ಎದುರಿಗೇ ನಿಲ್ಲಿಸಿ ಪ್ರಶ್ನಿಸಬೇಕೆಂದು ಸರ್ಕಾರಿ ವಕೀಲರು ಹಟ ಹಿಡಿದರು. ದಿನ ಗೊತ್ತಾಯಿತು. ಅಜ್ಜ ಮೊಮ್ಮಗನ ಸೈಕಲ್ಲಿನ ಹಿಂದೆ ಕೂತು, ಬಿಳಿ ಅಂಗಿ ಹಾಕಿಕೊಂಡು ಬಂದರು. ಅವತ್ತು ಜಡ್ಜು ತರಬೇತಿಗೆ ಹೋಗಿದ್ದರು. ಮಳೆಗಾಲ ಕಳೆಯಲಿ ಎಂದು ಇನ್ನೊಂದು ದಿನ ಕೊಟ್ಟರು. ಹೋಗುವ ಮುಂಚೆ ಅಜ್ಜ ಈ ಜಗಲಿಯಲ್ಲಿ ಕೂತು ರಾಗಿ ಮುದ್ದೆ, ಎಳ್ಳು ಹಾಕಿದ ಹುಳಿಸೊಪ್ಪು ಉಂಡರು. “ನಿನ್ನ ಕೈಯಡುಗೆ ಉಣ್ಬಾರ್ದಿತ್ತು ನಾನು, ಇನ್ನೂ ಕುಡಿದಿಲ್ಲವಲ್ಲ,” ಎಂದು ನಕ್ಕು, ಇನ್ನೊಂದು ತುತ್ತು ಮುರಿದರಂತೆ.

ಮಳೆಗಾಲ ಅವರನ್ನು ಕರೆದುಕೊಂಡು ಹೋಯಿತು. ಎದೆಯಲ್ಲಿ ಕಫ, ನಾಲ್ಕೈದು ದಿನ. ಅಂಗಳದಲ್ಲಿ ಮಗನ ಪಕ್ಕದಲ್ಲೇ ಮಣ್ಣು ಮಾಡಿದರು.

ಆಮೇಲಿನದನ್ನು ಹೇಳಿದವರು ಕಿಡೆಗಾ ವಕೀಲರು, ಅಚಿರೊ ಇದರ ಬಗ್ಗೆ ಬಾಯಿ ಬಿಡುವುದಿಲ್ಲ. ತೀರಿಹೋದ ಅಜ್ಜನ ಅಫಿಡವಿಟ್ಟನ್ನು ಪ್ರಶ್ನೆ ಕೇಳದೆಯೂ ಕೋರ್ಟು ಒಪ್ಪಬಹುದೇ ಎಂಬುದರ ಮೇಲೆಯೇ ಆಗ ಎಲ್ಲ ನಿಂತಿತ್ತು. ಒಪ್ಪಿದರೆ ಒಚಾಯ ಹೊರಗೆ, ಇಲ್ಲದಿದ್ದರೆ ಒಳಗೆ. ಅಚಿರೊ ಹುಡುಕಿದರು. ಸಿಕ್ಕಿದವೆಲ್ಲ ವಿರುದ್ಧವಾಗಿದ್ದವು, ಒಂದನ್ನು ಬಿಟ್ಟು. ಆ ಒಂದು ಒಚಾಯನಿಗಾಗಿಯೇ ಬರೆದಂತಿತ್ತು. ಕಿಡೆಗಾ ಅದನ್ನು ಕೈಗೆತ್ತಿಕೊಂಡು, “ಸಾಕಮ್ಮ, ಗೆದ್ದೆವು,” ಎಂದರು.

“ನಿಲ್ಲಿ ಸರ್, ಇನ್ನೂ ಕೊನೇ ಕೆಲಸ ಮಾಡಿಲ್ಲ,” ಎಂದರು ಅಚಿರೊ.

ಒಳಗೆ ಹೋಗಿ ಕೂತರು. ಹೊರಗೆ ಬಂದಾಗ ಮಧ್ಯಾಹ್ನವಾಗಿತ್ತು. ಮೇಲಿನ ಕೋರ್ಟು ಆ ತೀರ್ಪನ್ನು ಹೊಡೆದುಹಾಕಿತ್ತು. ಹೊಡೆದುಹಾಕಿದ ಆದೇಶ ಎಲ್ಲೋ ಮೂಲೆಯಲ್ಲಿ, ಕಕ್ಷಿದಾರರ ಹೆಸರೂ ತಪ್ಪಾಗಿ ಬಿದ್ದು, ಯಾರಿಗೂ ಸಿಗದ ಹಾಗಿತ್ತು.

“ನಾನೇ ಅವಳಿಗೆ ಹೇಳಿದೆ,” ಎನ್ನುತ್ತಾರೆ ಕಿಡೆಗಾ, ಕನ್ನಡಕ ತೆಗೆದು ಒರೆಸುತ್ತಾ. “ಇದು ಸರ್ಕಾರಿ ವಕೀಲನಿಗೆ ಈ ಜನ್ಮದಲ್ಲಿ ಸಿಗಲ್ಲ. ಜಡ್ಜಿಗೂ ಸಿಗಲ್ಲ. ನೀನು ನೋಡಿಲ್ಲ ಅಂದ್ಕೋ, ನಾನು ಕೇಳಿಲ್ಲ ಅಂದ್ಕೋತೀನಿ. ನಿನ್ನ ತಮ್ಮ ಮನೆಗೆ ಬರ್ತಾನೆ. ವಕೀಲ ಆದವನು ಆಡೋ ಮಾತಲ್ಲ, ಆದ್ರೂ ಹೇಳಿದೆ.”

“ಅದಕ್ಕೆ ಏನಂದ್ರು?”

“‘ನಾನು ನೋಡಿದೀನಲ್ಲ ಸರ್’ ಅಂದ್ಲು. ಅಷ್ಟೇ. ಅತ್ತೂ ಇಲ್ಲ. ನಾನೇ ಅತ್ತೆ.”

ಕಿಡೆಗಾ ಎರಡನ್ನೂ ಕೋರ್ಟಿನ ಮುಂದಿಟ್ಟರು. ಜಡ್ಜು ಎರಡನ್ನೂ ಓದಿ ಅರ್ಜಿಯನ್ನು ವಜಾ ಮಾಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಈ ತುತ್ತನ್ನು ಕೆಳಗಿಟ್ಟವರು ಅಚಿರೊ ತಾವೇ. ಸರಿ ಮಾಡಿದರೋ ಇಲ್ಲವೋ, ಆ ಜಗಲಿಯಲ್ಲಿ ಅವರೆದುರು ಕೂತು ಹೇಳುವ ಧೈರ್ಯ ಯಾರಿಗಿದೆ? ಕೋರ್ಟು ಬೀದಿಯಲ್ಲಂತೂ ಎರಡು ಪಕ್ಷಗಳಾಗಿವೆ. ಸ್ವಂತ ತಮ್ಮನಿಗಿಂತ ಕಾನೂನು ಹೆಚ್ಚಾಯಿತೇ ಎಂದು ಚಹಾದಂಗಡಿಯವಳು ಮುಖಕ್ಕೇ ಕೇಳಿದ್ದಾಳೆ. ಅಚಿರೊ ಚಹಾ ಕುಡಿದು ದುಡ್ಡಿಟ್ಟು ಬಂದಿದ್ದಾರೆ.

ಭೇಟಿಯ ದಿನ ಅವರು ಎಳ್ಳುಂಡೆ, ಸಾಬೂನು ಕಟ್ಟಿಕೊಂಡು ಜೈಲಿಗೆ ಹೋಗುತ್ತಾರೆ. ಒಚಾಯ ಈಗ ಸ್ವಸ್ಥ, ಕೂಗು ನಿಂತು ಬಹಳ ಕಾಲವಾಗಿದೆ. ವಾರ್ಡಿನಲ್ಲಿ ಹಳಬರು ಯಾರೂ ಉಳಿದಿಲ್ಲ, ಅಕ್ಕ ಹುಡುಕಿದ ತೀರ್ಪಿನಿಂದ ಎಲ್ಲರೂ ಹೋದರು. ಹೊಸಬರ ಬಟ್ಟೆ ಒಗೆದುಕೊಡುತ್ತಾನೆ, ತೋಟದಲ್ಲಿ ಕೆಲಸ ಮಾಡುತ್ತಾನೆ. ಅವನ ಕೈಗೆ ಮಾತ್ರ ಗುದ್ದಲಿ ಕೊಡುವುದಿಲ್ಲ, ಬರಿಗೈಯಲ್ಲೇ ಕಳೆ ಕೀಳುತ್ತಾನೆ. ಅರ್ಜಿ ವಜಾ ಆದ ಮೇಲಿನ ಭೇಟಿಯಲ್ಲಿ ಅಕ್ಕ ಎಲ್ಲವನ್ನೂ ಹೇಳಿದರು, ತೀರ್ಪನ್ನು ಹೊಡೆದುಹಾಕಿದ ಆ ಆದೇಶದ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ಎಳ್ಳುಂಡೆಯನ್ನು ಎರಡು ಮಾಡಿ ಅರ್ಧ ಅಕ್ಕನಿಗೆ ಕೊಟ್ಟ.

“ಬಿಡಕ್ಕ,” ಎಂದ. “ಓಲುಂ ಅಜ್ಜ ಹೋದ್ರಲ್ಲ. ಇನ್ನು ಹೊರಗೆ ಬಂದು ಯಾರ ಜೊತೆ ಕುಡೀಲಿ?”

ಅಜ್ಜನ ಉಳಿದ ಗಂಡುಮಕ್ಕಳು ಕುಡಿಯಲು ಒಪ್ಪಿಲ್ಲ. ಒಪ್ಪದಿದ್ದರೆ ಒಚಾಯ ಬಿಡುಗಡೆಯಾದರೂ ಊರಿಗೆ ಕಾಲಿಡುವಂತಿಲ್ಲ. ಕುರಿಯನ್ನು ಕುಲದವರು ಮಾರಿದ್ದಾರೆ.

ಜಗಲಿಯ ಮುಂದೆ ಸಂಜೆಯ ಧೂಳು ಏಳುತ್ತಿದೆ. ನಾಳೆಗೆ ಮೂವರು ವಕೀಲರು ಪ್ರಶ್ನೆ ಹೇಳಿ ಹೋಗಿದ್ದಾರೆ. ಅವರಲ್ಲಿ ಬಿರುಂಗಿಯೂ ಒಬ್ಬ, ಇವತ್ತು ಅವನ ಕಕ್ಷಿದಾರನಿಗೆ ಜಾಮೀನು ಸಿಕ್ಕಿದೆ. ಅಚಿರೊ ಫೋನನ್ನು ಕಿಟಕಿಯಿಂದ ಬಿಚ್ಚಿ ಬಟ್ಟೆಯಲ್ಲಿ ಸುತ್ತುತ್ತಾರೆ. ಇಷ್ಟು ಜನರಿಗೆ ಹುಡುಕಿಕೊಟ್ಟಿದ್ದೀರಿ, ನಿಮಗೇನು ಬೇಕು ಎಂದು ಕೇಳಿದರೆ ಅವರು ಕೆಲಸ ನಿಲ್ಲಿಸುವುದಿಲ್ಲ.

“ನನ್ನ ತಮ್ಮನ ಹೆಸರು ಹಾಕಿ ಹುಡುಕಿದ್ರೆ ಒಂದು ಸಾಲು ಬರ್ಬೇಕು, ಅಷ್ಟೇ. ಸೋತಿದ್ದೇ ಆದ್ರೂ ಪರವಾಗಿಲ್ಲ. ವಜಾ ಆದ ಆದೇಶಾನಾದ್ರೂ ನೆಟ್ಟಲ್ಲಿ ಹಾಕಿ ಅಂತ ಕೋರ್ಟಿನೋರನ್ನ ಕೇಳಿದೀನಿ, ಇನ್ನೂ ಹಾಕಿಲ್ಲ. ನಂಗೂ ವಯಸ್ಸಾಯ್ತು. ಅವನು ಯಾಕೆ ಒಳಗಿದ್ದಾನೆ ಅಂತ ಹೇಳೋ ಕಾಗದ ಈಗ ನಾನೊಬ್ಬಳೇ.”